ಮಾವನ ಫೋನಿನೊಳಗಿನ ಗುಲಾಬಿ ತೋಟ

ನಮ್ಮ ಸೋದರಮಾವನ ಗಮನ ಸೆಳೆಯಬೇಕಾದರೆ ಮನುಷ್ಯರಾಗಿ ಹುಟ್ಟಿ ಪ್ರಯೋಜನವಿಲ್ಲ. ಸಿಮ್ ಕಾರ್ಡ್ ಇರುವ ಯಂತ್ರವಾಗಿ ಹುಟ್ಟಬೇಕು. ಪಕ್ಕದಲ್ಲೇ ಕೂತು ಕರೆದರೂ ಓಗೊಡದವರು, ತೋಟದ ಮೋಟಾರು ಫೋನ್ ಮಾಡಿತೆಂದರೆ ಬಾಯಿಗೊಯ್ದ ಮುದ್ದೆಯ ತುತ್ತನ್ನು ತಟ್ಟೆಗಿಳಿಸಿ ಎದ್ದು ನಿಲ್ಲುತ್ತಾರೆ. ಉತ್ಪ್ರೇಕ್ಷೆ ಅನ್ನುತ್ತೀರಾ? ನಮ್ಮತ್ತೆಯನ್ನು ಕೇಳಿ ನೋಡಿ.

ಮಾವನದು ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಗುಲಾಬಿ ತೋಟ. ತೋಟವೆಂದರೆ ಪ್ಲಾಸ್ಟಿಕ್ ಹೊದಿಕೆಯ ದೊಡ್ಡ ಪಾಲಿಹೌಸು, ಪಕ್ಕದಲ್ಲಿ ಕಿತ್ತ ಹೂವಿಡುವ ಕೋಲ್ಡ್ ರೂಮು, ಮೇಲೆ ಆಕಾಶ, ಆಕಾಶದ ತುಂಬ ವಿಮಾನ. ಏರ್‌ಪೋರ್ಟ್ ಬಂದ ಮೇಲೆ ಮಾವ ದ್ರಾಕ್ಷಿ ಬಿಟ್ಟು ಗುಲಾಬಿಗೆ ಇಳಿದರು. ಹೂವನ್ನು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯವರು ಕೊಳ್ಳುತ್ತಿದ್ದರು. ಅವರೇ ಒಂದು ದಿನ ಬಂದು ಅಲ್ಲಲ್ಲಿ ಏನೇನೋ ಡಬ್ಬಿ ಸಿಕ್ಕಿಸಿ ಹೋದರು. ಮಣ್ಣಿನಲ್ಲೊಂದು, ಕೋಲ್ಡ್ ರೂಮಿನಲ್ಲೊಂದು, ಹೂವು ಸಾಗಿಸುವ ಟೆಂಪೋದಲ್ಲೊಂದು. ಗಿಡಕ್ಕೆ ಬಾಯಾರಿದರೆ, ಹೂವಿಗೆ ಸೆಕೆಯಾದರೆ, ಟೆಂಪೋ ನಿಂತರೆ, ಎಲ್ಲವೂ ಮಾವನ ಫೋನಿಗೂ ಕಂಪನಿಯ ಆಫೀಸಿಗೂ ಒಟ್ಟಿಗೇ ಸುದ್ದಿ ಮುಟ್ಟಿಸುತ್ತವೆ. ಆ ಫೋನಿಗೆ ಆಪ್ ಹಾಕಿಕೊಟ್ಟವಳು ನಾನು. ಹಾಗಾಗಿ ಮುಂದೆ ನಡೆದದ್ದಕ್ಕೆಲ್ಲ ಅತ್ತೆ ಬೈಯುವುದು ನನ್ನನ್ನೇ.

ಮೋಟಾರಿನ ಸ್ಟಾರ್ಟರಿಗೂ ಒಂದು ಸಿಮ್ಮುಂಟು. ಕರೆಂಟು ಬಂದೊಡನೆ ಅದು ಮಾವನಿಗೆ ಫೋನ್ ಮಾಡಿ, "ನಿಮ್ಮ ಮೋಟಾರ್ ಚಾಲನೆಯಲ್ಲಿದೆ" ಎಂದು ಹೆಣ್ಣುದನಿಯಲ್ಲಿ ತಿಳಿಸುತ್ತದೆ. ಊರಿನ ಉಳಿದವರು ಅಷ್ಟು ಕೇಳಿ ಕಟ್ ಮಾಡುತ್ತಾರೆ. ಹೆಣ್ಣುಮಗಳು ಮಾತಾಡುವಾಗ ಮುಖಕ್ಕೆ ಹೊಡೆದ ಹಾಗೆ ಫೋನ್ ಇಡುವುದು ಮಾವನ ಜಾಯಮಾನಕ್ಕೆ ಒಗ್ಗದು.

"ಸಂತೋಷ ಕಣಮ್ಮ. ಊಟ ಆಯ್ತಾ?" ಎನ್ನುತ್ತಾರೆ.

"ಮೋಟಾರ್ ನಿಲ್ಲಿಸಲು ಮೂರು ಒತ್ತಿ."

"ಈಗ್ಲೇ ಯಾಕಮ್ಮ ನಿಲ್ಸೋದು? ಇನ್ನೊಂದ್ ಸಾಲು ನೀರ್ ಕುಡ್ಕೊಳ್ಲಿ, ಇರು."

ಒಮ್ಮೆ ತಡೆಯಲಾರದೆ ಹೇಳಿದೆ, "ಮಾವ, ಅದು ರೆಕಾರ್ಡಿಂಗು. ನಿಮ್ ಮಾತು ಅದಕ್ಕೆ ಕೇಳ್ಸಲ್ಲ."

"ಗೊತ್ತು ಕಣ್ ಪುಟ್ಟಿ," ಎಂದರು ಶಾಂತವಾಗಿ. "ನಿಮ್ಮತ್ತೆಗೂ ನನ್ ಮಾತು ಕೇಳ್ಸಲ್ಲ. ಹಂಗಂತ ಮಾತಾಡೋದ್ ಬಿಡಕ್ಕಾಗ್ತದಾ?"

"ಕೇಳಿಸ್ತು," ಎಂದಿತು ಅಡುಗೆಮನೆಯ ದನಿ.

ಕೋಲ್ಡ್ ರೂಮಿನದು ಇನ್ನೊಂದು ಕಥೆ. ಒಂದು ಬೇಸಿಗೆಯಲ್ಲಿ ಕಂಪನಿಯ ಆಫೀಸಿನವರಿಗೆ ಒಂದು ವಿಚಿತ್ರ ಕಂಡಿತು: ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ನಮ್ಮ ಕೋಲ್ಡ್ ರೂಮು ಸ್ವಲ್ಪ ಬೆಚ್ಚಗಾಗುತ್ತಿತ್ತು. ಎಂಜಿನಿಯರ್ ಒಬ್ಬರು ಬಂದು ಬಾಗಿಲಿನ ರಬ್ಬರು ಬದಲಿಸಿದರು. ಉಪಯೋಗವಾಗಲಿಲ್ಲ. ಡಬ್ಬಿಯನ್ನೇ ಬದಲಿಸಿದರು. ಅದೂ ಅದನ್ನೇ ಹೇಳಿತು. ಕೊನೆಗೆ ಅವರು ಹೇಳದೆ ಕೇಳದೆ ಮಧ್ಯಾಹ್ನವೇ ಬಂದು ಬಾಗಿಲು ತೆಗೆದರೆ, ಹೂವಿನ ಬಕೆಟ್ಟುಗಳ ನಡುವೆ ಮಡಚುವ ಮಂಚ; ಮಂಚದ ಮೇಲೆ ಮಂಕಿ ಕ್ಯಾಪ್ ಹಾಕಿ, ಕಂಬಳಿ ಹೊದ್ದು ಮಲಗಿದ ನಮ್ಮ ಮಾವ.

"ಸಾರ್, ಇದು ಹೂವಿಡೋ ರೂಮು."

"ಮೆಲ್ಲಗ್ ಮಾತಾಡಪ್ಪ," ಎಂದರು ಮಾವ ಕಣ್ಣು ತೆರೆಯದೆ. "ಮೊಗ್ಗು ಮಲಗವೆ."

ಆ ಎಂಜಿನಿಯರ್ ಒಳ್ಳೆಯವರು. 'ಕೋಣೆಯಲ್ಲಿ ಹೆಚ್ಚುವರಿ ಸರಕು ಇತ್ತು, ತೆರವುಗೊಳಿಸಲಾಗಿದೆ' ಎಂದು ಆಫೀಸಿಗೆ ತಿಳಿಸಿದರಂತೆ.

ಹೀಗೆ ನಿದ್ದೆ ಕಳೆದುಕೊಂಡ ಮಾವ ಟೆಂಪೋದ ಹಿಂದೆ ಬಿದ್ದರು. ಫೋನಿನ ಪರದೆಯ ಮೇಲೆ ಅದೊಂದು ನೀಲಿ ಚುಕ್ಕಿ. ಹೊಂಗೆಮರದ ನೆರಳಲ್ಲಿ ಕೂತು ಆ ಚುಕ್ಕಿ ತೆವಳುವುದನ್ನೇ ನೋಡುವರು. ಅದು ನಿಂತರೆ ಡ್ರೈವರ್ ಮುನಿರಾಜುವಿಗೆ ಫೋನು.

"ಯಾಕಪ್ಪಾ, ರಾಣಿ ಕ್ರಾಸ್ ಹತ್ರ ನಿಂತ್ಬಿಟ್ಟೆ?"

"ಇಡ್ಲಿ ತಿಂತಾ ಇವ್ನಿ, ಅಣ್ಣ."

ಬೇರೆ ಮಾಲೀಕರಾದರೆ ಗದರುತ್ತಿದ್ದರೋ ಏನೋ. ಮಾವ ಮಾತ್ರ, "ಚಟ್ನಿ ಎಂಗೈತೆ?" ಎಂದರು.

ಆಮೇಲೆ ಕಂಪನಿಯವರು, ದಾರಿಯುದ್ದಕ್ಕೂ ಹೂವು ತಣ್ಣಗಿದೆಯೇ ಎಂದು ತಿಳಿಯಲು, ಕೆಲವು ಪೆಟ್ಟಿಗೆಗಳ ಒಳಗೇ ಬೆಂಕಿಪೊಟ್ಟಣದಷ್ಟು ಡಬ್ಬಿ ಇಡತೊಡಗಿದರು. ಮಾವನ ಚುಕ್ಕಿಗೆ ಈಗ ರೆಕ್ಕೆ ಬಂತು. ವಿಮಾನ ಏರಿದ ಮೇಲೆ ಅದು ಮೌನವಾಗಿ, ಸಿಂಗಾಪುರದಲ್ಲಿ ಇಳಿದ ಮೇಲೆ ಮತ್ತೆ ಕಣ್ಣು ಬಿಡುತ್ತಿತ್ತು. ನಡುವಿನ ಆ ಮೌನವೇ ಮಾವನಿಗೆ ಹಬ್ಬ. ಕಣ್ಣು ಮುಚ್ಚಿ, ತಲೆಯನ್ನು ಮರಕ್ಕೊರಗಿಸಿ ಹೇಳುವರು: "ಈಗ ಸಮುದ್ರದ್ ಮೇಲವೆ. ಕೆಳಗೆ ಹಡಗೆಲ್ಲ ಹೆಸರುಕಾಳು ಚೆಲ್ದಂಗ್ ಕಾಣ್ತವೆ."

"ನೀವು ವಿಮಾನ ಹತ್ತೇ ಇಲ್ವಲ್ಲ ಮಾವ?"

"ನನ್ ಹೂವು ಹತ್ತವೆ ಕಣ್ ಪುಟ್ಟಿ."

ಸಾಮಾನ್ಯವಾಗಿ ಅಲ್ಲಿನ ಹೂವಿನಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಡಬ್ಬಿಯನ್ನು ತೆಗೆದುಬಿಡುತ್ತಾರೆ. ಒಂದು ಭಾನುವಾರ ಹಾಗಾಗಲಿಲ್ಲ. ಹೂಗುಚ್ಛದ ಕಾಗದದ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತೋ ಏನೋ, ಚುಕ್ಕಿ ಅಂಗಡಿಯಿಂದ ಹೊರಟು, ಎರಡು ಬೀದಿ ದಾಟಿ, ಒಂದು ದೊಡ್ಡ ಕಟ್ಟಡದೊಳಗೆ ಹೋಗಿ ನಿಂತಿತು.

"ಇದೇನ್ ಪುಟ್ಟಿ, ಓದು."

ಓದಿದೆ. "ಆಸ್ಪತ್ರೆ, ಮಾವ."

ಮಾವ ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಹೂವಿನ ಶಾಖ ಪರದೆಯ ಮೇಲೆ ಕೊಂಚಕೊಂಚವೇ ಏರುತ್ತಿತ್ತು. "ಕೋಣೆ ಬೆಚ್ಚಗೈತೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೆರಿಗೆ ಆಸ್ಪತ್ರೇನೂ ಆಗಿರ್ಬೌದಲ್ವಾ?"

"ಆಗಿರಬಹುದು," ಎಂದೆ. ನನಗೇನು ಗೊತ್ತು?

ನಾನು ನನ್ನೂರಿಗೆ ಮರಳಿದ ಮೇಲೆ ಆ ವಾರವೆಲ್ಲ ಸಂಜೆ ಸಂಜೆ ಮಾವನ ಫೋನು. "ಇನ್ನೂ ಅಲ್ಲೇ ಐತೆ ಪುಟ್ಟಿ." "ಇವತ್ತೂ ಅಲ್ಲೇ." ತೋಟದ ಕೆಲಸದವರಿಗೆ ಮುಳ್ಳನ್ನು ಇನ್ನೂ ನಯವಾಗಿ ಸವರಲು ಹೇಳಿದರಂತೆ, ರೋಗಿಗಳ ಕೈ ಮೆತ್ತಗಿರುತ್ತದೆಂದು. ಅತ್ತೆ ನನಗೆ ಫೋನ್ ಮಾಡಿ, "ಯಾರೋ ಕಾಣದೂರ್ನೋರ್ಗೆ ನಿಮ್ಮಾವ ಊಟ ಬಿಟ್ಟವ್ರೆ. ಬಂದ್ ಮಾತಾಡ್ಸು," ಎಂದರು.

ನಾನು ಹೋಗುವ ಹೊತ್ತಿಗೆ ಡಬ್ಬಿಯ ಬ್ಯಾಟರಿ ಮುಗಿದಿತ್ತು. ಚುಕ್ಕಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

"ಮನೆಗ್ ಹೋಗಿರ್ತಾರೆ, ಅಲ್ವಾ?" ಎಂದು ಕೇಳಿದರು ಮಾವ. ಅವರು ನನ್ನ ಮುಖ ನೋಡುತ್ತಿರಲಿಲ್ಲ.

"ಹೋಗಿರ್ತಾರೆ ಮಾವ."

"ಹೋಗಿರ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡು ಎದ್ದರು. ಕತ್ತರಿ ಹಿಡಿದು ಪಾಲಿಹೌಸಿನೊಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದೇ ಒಂದು ಕೆಂಪು ಗುಲಾಬಿ. ಮೊಳದುದ್ದದ, ಗೀರಿಲ್ಲದ, ನೆಟ್ಟಗಿನ ದಂಟು; ವಿಮಾನ ಏರಲೆಂದೇ ಬೆಳೆದದ್ದು. ಅಂಥ ಹೂವಿನ ದಂಟನ್ನು ಯಾರಾದರೂ ಸ್ವಲ್ಪ ಬಗ್ಗಿಸಿದರೂ ಮಾವ ಕೆಂಡವಾಗುತ್ತಾರೆ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಾವ ಹೂವನ್ನು ಅವರ ಮುಂದೆ ಹಿಡಿದರು.

"ಏನ್ರೀ ಇದು?"

"ರಿಜೆಕ್ಟ್ ಆಗಿದ್ ಕಣೆ. ಕಂಪ್ನಿಯೋರ್ ತಗೊಳಲ್ಲ."

ಅತ್ತೆ ಹೂವನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಸಳಿನಲ್ಲಿ ಒಂದು ಮಚ್ಚೆಯೂ ಇರಲಿಲ್ಲ. ಗಂಡನ ಮುಖ ನೋಡಿದರು. ಎರಡು ಬೆರಳಿನಷ್ಟು ಉಳಿಸಿ ದಂಟನ್ನು ಲಟಕ್ಕನೆ ಮುರಿದು ಎಸೆದು, ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡರು.

ಮಾವ ನೆಲಕ್ಕೆ ಬಿದ್ದ ದಂಟನ್ನು ನೋಡಿದರು, ತುರುಬನ್ನು ನೋಡಿದರು.

"ಒಸಿ ಎಡಕ್ಕೆ," ಎಂದರು.