ನಮ್ಮನಿಯವ್ರ ದನಿ ಎಲ್ಲಿ ಇಡೂದು?

ನಮ್ಮ ಬಾಳೇವು ಹಿಂಗ ನೋಡ್ರಿ, ಅಳಾಕಂತ ಕುಂತ್ರ ನಗಸೂ ಮಂದಿ ಬಾಗಿಲಿಗಿ ಬಂದು ನಿಂತಿರ್ತಾರ. ಜತ್ತ ಬಾಜೂಕಿನ ಶೇಗಾಂವದಾಗ ಮನಿ ಮುಂದಿನ ಖೋಲ್ಯಾಗ ನಂದೊಂದು ಹೊಲಿಗಿ ದುಕಾನ ಐತಿ. ಬ್ಲೌಸ್ ಹೊಲೀತೀನಿ, ಸೀರಿಗಿ ಫಾಲ್ ಹಚ್ತೀನಿ, ನಡುವ ಬಂದವರ ಜಗಳಾನೂ ಬಿಡಸ್ತೀನಿ. ಹೋದ ವರ್ಷ ನನ್ನ ಫೋನ್ ತುಂಬಿತು, ಅಲ್ಲಿಂದ ಸುರು ಆತು ಈ ಪಜೀತಿ.

೧. ಅಳಸಬ್ಯಾಡೋ!

ಫೋನ್ 'ಜಾಗಾ ಇಲ್ಲ, ಜಾಗಾ ಇಲ್ಲ' ಅಂತ ಒದರಾಕತ್ತಿತ್ತು. ಜತ್ತಿಗಿ ಹೋಗಿ ರಿಪೇರಿ ಮಾಡಾಂವನ ಕೈಯಾಗ ಕೊಟ್ಟೆ. ಅಂವ ಒಳಗ ನೋಡಿ, "ಅಕ್ಕಾರ, ಒಬ್ಬರದ ದನಿ ಮೆಸೇಜು ರಗಡ ಅದಾವ. ಎಲ್ಲಾ ಹಳೇವು. ಅಳಸಿಬಿಡ್ಲಿ?" ಅಂದ.

ಗಪ್ಪನ ಫೋನ್ ಕಸಗೊಂಡೆ. "ಅಳಸಿ ನೋಡು, ಕೈ ಮುರೀತೀನಿ!"

ಪಾಪ, ಅವಗೇನು ಗೊತ್ತು. ನಮ್ಮನಿಯವ್ರು ತೀರಿಕೊಂಡು ಎರಡು ವರ್ಷ ಆಗಿತ್ತು. ಫೋಟೋ ಅಂದ್ರ ಎದ್ದು ಓಡೂ ಮನಷ್ಯಾ. ಬರಿಯಾಕ ಬ್ಯಾಸರ ಅಂತ ಹೊಲದಾಗಿಂದ ಹಗಲೆಲ್ಲಾ ದನಿ ಕಳಸ್ತಿದ್ರು. ನನಗ ಉಳದಿದ್ದು ಅದಷ್ಟ. ಮುಂಜಾನೆ ಮಷಿನ್ ಮುಂದ ಕುಂತು ಒಂದರ ಕೇಳದಿದ್ರ ನನಗ ಸೂಜ್ಯಾಗ ದಾರ ಪೋಣಸಾಕ ಆಗ್ತಿದ್ದಿಲ್ಲ. ಭಾಳ ನೆನಪಾಗ್ತಾರ್ರೀ, ಸುಳ್ಳ್ಯಾಕ ಹೇಳ್ಲಿ.

"ಈ ಫೋನೂ ಭಾಳ ದಿನ ಬಾಳೂದಿಲ್ರಿ, ಒಳಗಿನ ಬೋರ್ಡ್ ಹೊಂಟೈತಿ," ಅಂದ ಅಂವ. "ಲಗೂನ ಎಲ್ಲಾ ಕ್ಲೌಡಿಗಿ ಏರಸ್ರಿ. ಕಂಪನಿ ಬೇಕಾದಷ್ಟು ಅದಾವ, ಚಲೋದೊಂದು ಆರಿಸ್ರಿ."

"ಹಂಗಂದ್ರ ಏನೋ?"

"ಏನಿಲ್ರಿ, ನಿಮ್ಮ ಸಾಮಾನು ಅವರ ಮನ್ಯಾಗ ಇಡೂದು."

"ಜೀವಂತ ಇದ್ದಾಗ ಅವರನ್ನ ಬೀಗರ ಮನ್ಯಾಗ ಒಂದು ದಿನ ನಿಂದರಸಾಕ ಆಗಿಲ್ಲ ನನಗ," ಅಂದೆ. "ಈಗ ಗುರ್ತಿಲ್ಲದವರ ಮನ್ಯಾಗ ಇಡು ಅಂತಿ?"

೨. ವರಾ ನೋಡಿದಂಗ

ಮರುದಿನ ದುಕಾನದಾಗ ಪಂಚಾಯ್ತಿ ಕೂಡ್ತು. ಜತ್ತ ಕಾಲೇಜಿಗಿ ಹೋಗೂ ಹುಡುಗಿಯೊಬ್ಬಾಕಿ ಬ್ಲೌಸಿನ ಅಳತಿ ಕೊಡಾಕ ಬಂದಿದ್ಲು. ಅಕಿಗಿ ಈ ಕಂಪನಿಗೋಳ ಜಾತಕ ಎಲ್ಲಾ ಬಾಯಿಪಾಠ.

"ಅಕ್ಕಾ, ಮೊದಲ್ನೇದು ಫುಕಟ್ ಜಾಗಾ ಭಾಳ ಕೊಡತೈತಿ, ಆದ್ರ ಎಲ್ಲಾದ್ರಾಗೂ ಮೂಗು ತೂರಸ್ತೈತಿ. ಎರಡನೇದು ಭಾಳ ಸಭ್ಯ, ಆದ್ರ ತನ್ನ ಕಂಪನಿ ಫೋನ್ ಬಿಟ್ಟು ಬ್ಯಾರೇದರ ಕೂಡ ಬೆರಿಯೂದಿಲ್ಲ. ಮೂರನೇದ್ರಾಗ ಜಾಗಾ ಸಣ್ಣದು, ಆದ್ರ ಇಟ್ಟದ್ದು ಇಟ್ಟಂಗ ಇರತೈತಿ."

ಹೊಸ್ತಿಲದಾಗ ಕುಂತು ಶೇಂಗಾ ಒಡಿಯಾಕತ್ತಿದ್ದ ನಮ್ಮತ್ತಿ ತೀರ್ಪು ಕೊಟ್ಟರು: "ಎರಡನೇದು ಬ್ಯಾಡ. ನಾಕ ಮಂದಿ ಕೂಡ ಬೆರಿಯದ ಮನಿ ಏನ್ ಮನಿ? ಮೊದಲ್ನೇದು ಇರ್ಲಿ. ಮೂಗು ತೂರಸದ ಮನಿ ಎಲ್ಲೈತಿ?" ನಾ ತಲಿ ಎತ್ತಲಿಲ್ಲ, ಹೊಲಿಗಿ ಮ್ಯಾಲ ಕಣ್ಣಿಟ್ಟು ನಕ್ಕೆ.

ಆಮ್ಯಾಲ ಅವರೇ ಕೇಳಿದ್ರು, "ಆ ಕಂಪನಿ ಊರು ಯಾವುದವ್ವಾ?"

"ಅಮೇರಿಕಾ, ಆಯಿ."

ಅತ್ತಿ ಶೇಂಗಾ ಒಡಿಯೂದು ನಿಲ್ಲಿಸಿದ್ರು. "ಅಲ್ಲಿ ನಮ್ಮ ಪೈಕಿ ಯಾರೂ ಇಲ್ಲ. ನಾಳಿಗಿ ನನ್ನ ಮಗನ ದನಿ ತಿರಗಿ ಕೊಡೂದಿಲ್ಲ ಅಂದ್ರ, ಕಟ್ಟಿ ಮ್ಯಾಲ ಕುಂದ್ರಿಸಿ ಕೇಳಾವ್ರು ಯಾರು?"

೩. ಬೆನ್ನಿನ ಬಳಗ

ಆದ್ರ ಫೋನ್ ಇವತ್ತೋ ನಾಳಿಗೋ ಅನ್ನೂ ಹಂಗಿತ್ತು, ಕಡೀಕ ಮೂಗು ತೂರಸೂ ಕಂಪನಿನ ಗಟ್ಟಿ ಆತು. ಆ ಹುಡುಗಿನ ಕುಂತು ಫೋನಿನಾಗ ಇದ್ದದ್ದೆಲ್ಲಾ ಏರಿಸಿಕೊಟ್ಟಳು. ನಾಕ ದಿನಕ್ಕ ಕಂಪನಿ ತಾನ ಒಂದು ಸಿನೇಮಾ ಮಾಡಿ ಕಳಿಸ್ತು. ಮ್ಯಾಲ 'ನಿಮ್ಮ ಮಧುರ ನೆನಪುಗಳು' ಅಂತ ಹೆಸರು, ಹಿಂದ ಪಿಟೀಲು.

ಅತ್ತೀನ ಕರದು ಬಾಜೂಕ ಕುಂದ್ರಿಸಿಕೊಂಡು ಹಚ್ಚಿದೆ. ನೋಡ್ತೀನಿ, ಬರೇ ಬ್ಲೌಸಿನ ಬೆನ್ನು! ಗುಂಡು ಕೊರಳಿಂದು, ಗಡಿಗಿ ಕೊರಳಿಂದು, ಲಾಡಿ ಕಟ್ಟಿದ್ದು, ಗುಂಡಿ ಹಚ್ಚಿದ್ದು. ಡಿಜಾಯಿನ್ ನೆನಪಿರ್ಲಿ ಅಂತ ನಾ ತಗದಿದ್ದ ಗಿರಾಕಿಗೋಳ ಫೋಟೋ ಎಲ್ಲಾ ಪಿಟೀಲಿನ ಜೋಡಿ ಸಾಲ ಹಿಡದು ಬಂದ್ವು.

ನಟ್ಟನಡಕ ಒಂದು ಫೋಟೋದಾಗ ತೂಗಹಾಕಿದ್ದ ಬ್ಲೌಸಿನ ಹಿಂದ ಒಂದು ಮೊಣಕೈ, ಹೆಗಲ ಮ್ಯಾಲಿನ ಟಾವೆಲ್ಲಿನ ಚುಂಗು ಕಂಡ್ವು. ಅವರದ. ಫೋಟೋ ತಗೀತೀನಿ ಅಂದಾಗ ಓಡಾಕತ್ತಿದ್ರಲಾ, ಅರ್ಧ ಸಿಕ್ಕಬಿದ್ದಿದ್ರು. ದೊಡ್ಡದು ಮಾಡಿ ಮಾಡಿ ನೋಡಿದೆ. ಮೊಣಕೈ ಮ್ಯಾಲಿನ ಕಲೀ ಸುದ್ದಾ ಕಾಣ್ತು.

ಆಗ ಕಂಪನಿ ಕೆಳಗ ಒಂದು ಪ್ರಶ್ನಿ ಕೇಳ್ತು. ಅವರ ಬಗ್ಗೆ ಅಲ್ಲ, ಬ್ಲೌಸ್ ತೊಡಸಿ ನಿಂದರಿಸಿದ ನನ್ನ ದುಕಾನದ ಪ್ಲಾಸ್ಟಿಕ್ ಗೊಂಬಿ ಮಾರಿ ಸುತ್ತ ಗೆರಿ ಎಳದು: 'ಇವರು ನಿಮಗೆ ಆತ್ಮೀಯರೆ? ಹೆಸರು ಹೇಳಿ.'

ಅತ್ತಿ ಅಂದ್ರು, "ಸವತಿ ಅಂತ ಬರಿ. ಅವನಕಿಂತ ಹೆಚ್ಚು ಫೋಟೋ ಅಕೀವ ಅದಾವ."

೪. ಬೀಜದ ಜ್ವಾಳ

ಅವತ್ತ ಅತ್ತಿಗಿ ಕಂಪನಿ ಮ್ಯಾಲಿನ ಭರೋಸಾ ಹೋತು. "ಗೊಂಬಿಗೂ ಮನಷ್ಯಾಗೂ ಫರಕ ತಿಳಿಯದ ಮನಿ ಅದು. ಬೀಜದ ಜ್ವಾಳ ಹೆಂಗ ಇಡ್ತೀವಿ? ಹಂಗ ಇಡು."

ನಮ್ಮ ಕಡೆ ಬಿತ್ತೂ ಜ್ವಾಳ ಒಂದ ಮನ್ಯಾಗ ಇಡೂದಿಲ್ಲ. ಒಂದ್ ಮನ್ಯಾಗ ನುಸಿ ಹಿಡದ್ರ ಇನ್ನೊಂದ್ ಮನ್ಯಾಗ ಉಳೀಲಿ ಅಂತ ಬೀಗರು ಬಿಜ್ಜರ ಮನ್ಯಾಗೂ ಇಡ್ತೀವಿ. ಇಟ್ಟಕೊಂಡವರು ಅಡಚಣಿ ಬಂದ್ರ ಒಂದು ಬೊಗಸಿ ಬಳಸಬಹುದು, ಅದಕ್ಕ ಯಾರೂ ಏನೂ ಅನ್ನೂದಿಲ್ಲ.

ಹಂಗಾಗಿ ಕ್ಲೌಡಿನ್ಯಾಗ ಇದ್ದದ್ದು ಅಲ್ಲೇ ಇರ್ಲಿ ಅಂತ ಬಿಟ್ಟು, ಎಲ್ಲಾ ದನಿ ಅಸಂಗಿ ಊರಾಗಿನ ನನ್ನ ತಮ್ಮಗೂ, ಕುಣಿಕೋಣೂರಾಗಿನ ನಾದಿನಿಗೂ ಕಳಿಸಿದೆ. ತಮ್ಮ ಸಂಜಿಗಿ ಫೋನ್ ಮಾಡಿದ.

"ಅಕ್ಕಾ, ಎಲ್ಲಾ ಕೇಳಿದ್ನಿ. ಮಾವಾರು ಒಂದೀಟೂ ಬದಲಾಗಿಲ್ಲ ಬಿಡು."

"ಯಾಕೋ, ಏನಾತು?"

"ನನಗ ಬೈದದ್ದನ್ನೂ ಸೇರಿಸಿ ಕಳಿಸೀಯಲ್ಲ! ನನ್ನ ಮನ್ಯಾಗ ನನಗ ಬೈಯೂದು ಜ್ವಾಕಿ ಮಾಡಿ ಇಡಬೇಕಾತು."

೫. ನಾದಿನಿ ಬಂದ ದಿನ

ಹಬ್ಬದ ಸೀರಿಗಿ ಬ್ಲೌಸ್ ಹೊಲಿಸಾಕ ನಾದಿನಿ ಕುಣಿಕೋಣೂರಿಂದ ಬಂದಿದ್ಲು. ಸೀರಿ ತಂದಿದ್ದ ಪಿಶವಿ ದುಕಾನದ ಮೂಲ್ಯಾಗ ಇಟ್ಟು ಹಿತ್ತಲಕ್ಕ ಕಾಲು ತೊಳಿಯಾಕ ಹೋದ್ಲು. ಅತ್ತಿ ಹೊಸ್ತಿಲದಾಗ ಕುಂತಿದ್ರು. ನಾ ತಲಿ ಬಗ್ಗಿಸಿ ತೋಳು ಹಚ್ಚಾಕತ್ತಿದ್ದೆ.

"ಏ, ಬಂದೆ ನೋಡು, ಊರ ಅಗಸಿ ದಾಟೇನಿ. ಚಹಾ ಇಡು!"

ಅವರ ದನಿ, ಗಟ್ಟಿಯಾಗಿ, ನನ್ನ ಬೆನ್ನ ಹಿಂದ.

"ಹ್ಞೂಂ, ಇಟ್ಟೆ," ಅಂದೆ. ಎದ್ದೆ, ಒಳಗ ಹೋದೆ, ಗ್ಯಾಸ್ ಹಚ್ಚಿದೆ. ಅವರಿಗಿ ಬೇಕಾದಂಗ ಸಕ್ರಿ ಜಾಸ್ತಿ ಹಾಕಿದೆ, ಯಾಲಕ್ಕಿ ಜಜ್ಜಿದೆ. ಕಪ್ಪೂ ಬಸೀನೂ ಒರಸಿ ಇಡೂತನಕ ನನಗ ಏನೂ ಅನಸಲಿಲ್ಲ. ನಿಮ್ಮಾಣಿ, ಆ ಹೊತ್ತಿನಾಗ ಅವರು ಬರಾಕತ್ತಿದ್ರು.

ನಾದಿನಿ ಒದ್ದಿಕಾಲಲೇ ಓಡಿ ಬಂದ್ಲು. "ವೈನೀ, ಅದು ನನ್ನ ಫೋನ್ರೀ! ಅಣ್ಣನ ನೆನಪಾಗಿ ರಿಂಗಿಗಿ ಇಟ್ಟಕೊಂಡೇನಿ. ಒಂದು ಬೊಗಸಿ ಬಳಸಿದಂಗ ಅಂತ... ತಪ್ಪಾತು ವೈನೀ, ಬಂದ್ ಮಾಡ್ರಿ ಗ್ಯಾಸ್."

ಕೈಯಾಗ ಬಸಿ ಹಿಡದು ನಿಂತೆ. ಗ್ಯಾಸ್ ಬಂದ್ ಮಾಡಾಕ ಕೈ ಚಾಚಿದೆ.

ಹೊಸ್ತಿಲದಿಂದ ಅತ್ತಿ ಒದರಿದ್ರು. "ಬಂದ್ ಮಾಡಬ್ಯಾಡ, ಇರ್ಲಿ. ಅಂವ ಅಗಸಿ ದಾಟೇನಿ ಅಂದಾಗ ಎಂದರ ಅಗಸಿ ದಾಟಿರ್ತಿದ್ದನೇನು? ಇನ್ನೂ ಹೊಲದಾಗ ಮಾತಾಡ್ತಾ ನಿಂತಿರ್ತಿದ್ದ. ಇನ್ನೊಂದು ತಾಸು ಹಿಡೀತೈತಿ ಅವಗ."

ಮೂರೂ ಮಂದಿ ನಕ್ಕೇ ನಕ್ಕಿವಿ, ಹೊಟ್ಟಿ ಹಿಡಕೊಂಡು, ಕಣ್ಣಾಗ ನೀರು ಇಳಿಯೂ ಹಂಗ. ನಗೂ ನಿಂತ ಮ್ಯಾಲ ನಾ ಗ್ಯಾಸ್ ಸಣ್ಣ ಮಾಡಿದೆ.