ನಾಲ್ಕನೆಯ ಬಂದೂಕು

ಬಸವನಬೈಲು ಉಪಠಾಣೆಯ ಪೆಟ್ಟಿಗೆಯಲ್ಲಿ ಇರಬೇಕಾದದ್ದು ಮೂರು ಬಂದೂಕು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಧರ್ಮಪ್ಪ ಪೆಟ್ಟಿಗೆ ಖಾಲಿ ಮಾಡಿ ನೋಡಿದಾಗ ಬೆಂಚಿನ ಮೇಲೆ ನಾಲ್ಕು ಬಂದೂಕು ಮಲಗಿದ್ದವು.

ಅವನು ಎಡದಿಂದ ಎಣಿಸಿದ, ಬಲದಿಂದ ಎಣಿಸಿದ. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಎಣಿಸಿದ. ಕೊನೆಗೆ ಜೀಪಿನ ಡ್ರೈವರ್ ಪರಶುರಾಮನನ್ನು ಕೂಗಿದ.

"ಬಾರೋ ಇಲ್ಲಿ. ಇವನ್ನ ಎಣಿಸು."

ಪರಶುರಾಮ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದ. "ನಾಲ್ಕು ಸಾರ್."

"ಸರಿಯಾಗಿ ಎಣಿಸು ಮಾರಾಯ!"

"ಎಷ್ಟು ಬರ್ಬೇಕು ಅಂತ ಹೇಳಿಬಿಡಿ ಸಾರ್, ಅಷ್ಟೇ ಎಣಿಸ್ತೀನಿ."

ಎದುರಿನ ಹೋಟೆಲಿನ ಹೂವಮ್ಮ ಟೀ ತಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಮೂರಿದ್ದದ್ದು ನಾಲ್ಕಾದ್ರೆ ಒಳ್ಳೇದೇ ಆತಲ್ರೀ? ನಮ್ಮ ಹೋಟ್ಲಲ್ಲಿ ಇಪ್ಪತ್ತು ಲೋಟ ಇದ್ದದ್ದು ಹನ್ನೊಂದಾಗೈತೆ, ಕೇಳೋರೇ ಇಲ್ಲ."

ಒಳ್ಳೆಯದೋ ಕೆಟ್ಟದ್ದೋ ಧರ್ಮಪ್ಪನಿಗೆ ತಿಳಿಯಲಿಲ್ಲ. ಬಂದೂಕು ಕಡಿಮೆಯಾದರೆ ಏನಾಗುತ್ತದೆಂದು ಇಲಾಖೆಯ ಸಣ್ಣ ಮಗುವಿಗೂ ಗೊತ್ತು. ಹೆಚ್ಚಾದರೆ ಏನಾಗುತ್ತದೆಂದು ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ.

ಪೆಟ್ಟಿಗೆ ಖಾಲಿ ಮಾಡಿದ್ದಕ್ಕೆ ಕಾರಣವಿಷ್ಟೆ. ಹಳ್ಳಿಗಳಲ್ಲಿ ಪೊಲೀಸರು ಸೈನಿಕರಂತೆ ಕಾಣಬಾರದು, ಸಣ್ಣ ಠಾಣೆಗಳಲ್ಲಿ ಬಂದೂಕಿನ ಅಗತ್ಯವಿಲ್ಲ ಎಂದು ಹೊಸ ಆದೇಶ ಬಂದಿತ್ತು. ಎಲ್ಲ ಬಂದೂಕುಗಳನ್ನೂ ಪೆಟ್ಟಿಗೆ ಸಮೇತ ಶಿಕಾರಿಪುರದಲ್ಲಿ ತೆರೆದಿದ್ದ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ, ಸಂಜೆ ಐದರೊಳಗೆ 'ಶಸ್ತ್ರಮುಕ್ತ ಠಾಣೆ' ಎಂಬ ಪ್ರಮಾಣಪತ್ರ ಪಡೆಯಬೇಕು. ಪೆಟ್ಟಿಗೆಯನ್ನೂ ಕೊಡಬೇಕಾದ್ದರಿಂದ ಧರ್ಮಪ್ಪ ಅದರ ತಳದಲ್ಲಿ ಹಾಸಿದ್ದ ಹಳೆಯ ತಾಡಪಾಲನ್ನು ಎಳೆದು ಹೊರಗೆಸೆದಿದ್ದ. ವರ್ಷಕ್ಕೊಮ್ಮೆ ಮೇಲಿನ ಮೂರನ್ನು ತೆಗೆದು ಎಣ್ಣೆ ಹಚ್ಚಿ ಮತ್ತೆ ಇಡುತ್ತಿದ್ದರೇ ಹೊರತು ಆ ತಾಡಪಾಲನ್ನು ಯಾರೂ ಎತ್ತಿ ನೋಡಿರಲಿಲ್ಲ. ನಾಲ್ಕನೆಯದು ಅದರಡಿ ಬಾಣಂತಿಯಂತೆ ಬೆಚ್ಚಗೆ ಮಲಗಿತ್ತು.

ಈ ಆದೇಶಕ್ಕೆ ಇಡೀ ಜಿಲ್ಲೆಯಲ್ಲಿ ಧರ್ಮಪ್ಪನಷ್ಟು ಖುಷಿಪಟ್ಟವರು ಇರಲಿಕ್ಕಿಲ್ಲ. ಬಂದೂಕು ಇರುವ ಠಾಣೆಯನ್ನು ಒಂದು ಗಳಿಗೆಯೂ ಕಾವಲಿಲ್ಲದೆ ಬಿಡುವಂತಿಲ್ಲ. ಇದ್ದವರು ಇಬ್ಬರೇ, ಪರಶುರಾಮ ಜೀಪಿನೊಂದಿಗೆ ಓಡಾಡುತ್ತಿದ್ದುದರಿಂದ ಕಾವಲು ಯಾವಾಗಲೂ ಧರ್ಮಪ್ಪನದೇ. ಹನ್ನೊಂದು ವರ್ಷದಿಂದ ಒಂದು ಗುಂಡೂ ಹಾರಿಸದ ಆ ಬಂದೂಕುಗಳನ್ನು ಕಾಯುತ್ತ ಅವನು ಊರು, ಮನೆ, ಹಬ್ಬ ಎಲ್ಲವನ್ನೂ ಕಳೆದುಕೊಂಡಿದ್ದ. ಮಗಳು ಜ್ಯೋತಿಲಕ್ಷ್ಮಿಯ ಮದುವೆಯ ಆಲ್ಬಮ್ಮಿನಲ್ಲಿ ಅವನಿದ್ದದ್ದು ಎರಡೇ ಫೋಟೋಗಳಲ್ಲಿ. ಅದರಲ್ಲೂ ಒಂದರಲ್ಲಿ ಬೆನ್ನು.

ನಾಳೆ ಬೆಳಿಗ್ಗೆ ಬಳ್ಳಿಗಾವಿಯಲ್ಲಿ ಆ ಮಗಳ ಸೀಮಂತ. "ಈ ಸಲ ಬರ್ತೀನಿ. ಬಂದೂಕೇ ಇಲ್ದಿದ್ಮೇಲೆ ನನ್ನ ಹಿಡಿಯೋರು ಯಾರು?" ಎಂದು ಅವನು ಹೆಂಡತಿ ಗುತ್ಯಮ್ಮನಿಗೆ ಮಾತು ಕೊಟ್ಟಿದ್ದ. ಆಕೆ "ನೋಡಾಣ" ಎಂದಷ್ಟೇ ಹೇಳಿ ಫೋನಿಟ್ಟಿದ್ದಳು.

ಧರ್ಮಪ್ಪ ಸಬ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ.

"ಸಾರ್, ಒಂದು ಬಂದೂಕು ಲೆಕ್ಕಕ್ಕೆ ಬರ್ತಿಲ್ಲ."

"ಏನ್ರೀ! ಕಳೆದ್ರಾ?"

"ಇಲ್ಲ ಸಾರ್, ಜಾಸ್ತಿ ಐತೆ."

ಆ ಕಡೆ ಬಹಳ ಹೊತ್ತು ಹಾಳೆ ಮಗುಚುವ ಸದ್ದು ಕೇಳಿತು. "ಜಾಸ್ತಿಗೆ ರೂಲ್ ಇಲ್ಲ ಕಣ್ರೀ. ಶಿಕಾರಿಪುರಕ್ಕೆ ತಗೊಂಡ್ಹೋಗಿ, ಅವ್ರೇ ನೋಡ್ಕೊಳ್ತಾರೆ. ನನಗೆ ನೀವು ಫೋನ್ ಮಾಡಿಲ್ಲ."

ನಾಲ್ಕೂ ಬಂದೂಕು, ಪೆಟ್ಟಿಗೆ ಎಲ್ಲ ಜೀಪು ಹತ್ತಿದವು. ಕಾಯಲು ಏನೂ ಉಳಿಯದ್ದರಿಂದ ಠಾಣೆಯ ಬೀಗದ ಕೈ ಹೂವಮ್ಮನ ಸಕ್ಕರೆ ಡಬ್ಬ ಸೇರಿತು. ಜೀಪು ಕುಪ್ಪಗಡ್ಡೆಯ ಗದ್ದೆಬಯಲು ದಾಟಿ ಶಿಕಾರಿಪುರದ ರಸ್ತೆ ಹಿಡಿಯಿತು.

ಸಂಗ್ರಹ ಕೇಂದ್ರವೆಂದರೆ ಬಾಡಿಗೆಗೆ ಹಿಡಿದ ಒಂದು ಹಳೆಯ ಗೋದಾಮು. ಅಲ್ಲಿ ಲೆಕ್ಕ ಬರೆಯುವ ಆನಂದಪ್ಪ, ಊಟಕ್ಕೆ ಕರೆಯದ ಮದುವೆಮನೆಯಲ್ಲಿ ಕುಳಿತವನ ಮುಖ ಹೊತ್ತು ಕಂಪ್ಯೂಟರಿನ ಮುಂದಿದ್ದ. ಮೂರು ಬಂದೂಕುಗಳ ನಂಬರು ಒತ್ತಿದ. ಕಂಪ್ಯೂಟರು ಮೂರನ್ನೂ ಒಪ್ಪಿತು. ನಾಲ್ಕನೆಯದರ ನಂಬರು ಒತ್ತಿದಾಗ ಪರದೆ ಕೆಂಪಾಯಿತು.

"ಇದು ತಗೊಳ್ಳಾಕ ಬರಂಗಿಲ್ರಿ."

"ಯಾಕ್ರೀ?"

"ಇದು ಕಳೆದುಹೋಗೇತ್ರಿ."

ಧರ್ಮಪ್ಪ ಕೈಯಲ್ಲಿದ್ದ ಬಂದೂಕನ್ನು ನೋಡಿದ. ಅದರ ಹಿಡಿಯನ್ನು ಮೇಜಿಗೆ ಒಂದು ಸಲ ಕುಟ್ಟಿಯೂ ನೋಡಿದ. "ಇಲ್ಲೇ ಐತಲ್ರೀ!"

"ನಿಮ್ಮ ಕೈಯಾಗ ಐತಿ ಖರೆ. ರೆಕಾರ್ಡಿನಾಗ ಇಲ್ಲ. ತೊಂಬತ್ನಾಲ್ಕನೇ ಇಸ್ವಿಯೊಳಗ ಸಣ್ಣಪ್ಪ ಅನ್ನೋ ಕಾನ್‌ಸ್ಟೇಬಲ್ ಕಳೆದಾನ. ಅವನ್ನ ಕೆಲಸದಿಂದ ತೆಗೆದು ಫೈಲ್ ಮುಚ್ಯಾರ. ಮುಚ್ಚಿದ ಫೈಲಿನ ಬಂದೂಕು ನಾನು ಹೆಂಗ ತಗೊಳ್ಳಲ್ರಿ?"

"ಹಾಗಾದ್ರೆ ಮೂರಕ್ಕೆ ಸರ್ಟಿಫಿಕೇಟು ಕೊಡ್ರಿ."

"ಕೈಯಾಗ ಬಂದೂಕು ಹಿಡ್ಕೊಂಡು ನಿಂತೀರಿ, ಶಸ್ತ್ರಮುಕ್ತ ಅಂತ ಹೆಂಗ ಬರೀಲಿ?"

ಧರ್ಮಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಲ್ಲದ ಬಂದೂಕನ್ನು ತೆಗೆದುಕೊಳ್ಳುವಂತಿಲ್ಲ, ಇರುವುದರಿಂದ ಪ್ರಮಾಣಪತ್ರ ಕೊಡುವಂತಿಲ್ಲ. ಅವನ ಮುಖ ನೋಡಿ ಆನಂದಪ್ಪ ದನಿ ತಗ್ಗಿಸಿದ. "ಒಂದು ದಾರಿ ಐತ್ರಿ. ಕಳೆದಾವನೇ 'ಸಿಕ್ಕೇತಿ' ಅಂತ ಬರೆದು ಸಹಿ ಮಾಡಿದ್ರ ಫೈಲ್ ತೆರೀಬಹುದು. ಸಣ್ಣಪ್ಪ ಅಂಬ್ಲಿಗೊಳದ ಹತ್ರ ಕುರಿ ಸಾಕ್ಕೊಂಡು ಅದಾನಂತ. ಐದಕ್ಕ ಬೀಗ ಹಾಕ್ತೀನಿ ನೋಡ್ರಿ."

ಬಂದೂಕಿಗೆ ಜಮಖಾನ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಧರ್ಮಪ್ಪ ಮತ್ತೆ ಜೀಪು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಸಣ್ಣಪ್ಪನದೇ ಯೋಚನೆ. ಮಾಡದ ತಪ್ಪಿಗೆ ಕೆಲಸ ಕಳೆದುಕೊಂಡ ಮನುಷ್ಯ. ಕಳಂಕ ಹೊತ್ತು ಮೂವತ್ತು ವರ್ಷ ಬದುಕಿದ್ದಾನೆ. ಇದನ್ನು ನೋಡಿದರೆ ಅತ್ತುಬಿಡುತ್ತಾನೋ ಏನೋ. ಕೈಗೆ ಸಿಗಲೆಂದು ಧರ್ಮಪ್ಪ ಕರ್ಚೀಫನ್ನು ಜೇಬಿನ ಮೇಲ್ಭಾಗಕ್ಕೆ ಎಳೆದಿಟ್ಟುಕೊಂಡ.

ಸಣ್ಣಪ್ಪನ ಹಟ್ಟಿ ಕೆರೆಯ ಏರಿಯಿಂದ ಸ್ವಲ್ಪ ಈಚೆ ಇತ್ತು. ಜೀಪು ನಿಂತದ್ದೇ ತಡ, ಪಕ್ಕದ ಮನೆಯ ಮಂಜಪ್ಪ ಹಲ್ಲುಜ್ಜುತ್ತಿದ್ದವನು ಹಾಗೆಯೇ ಓಡಿಬಂದ. ಮಧ್ಯಾಹ್ನ ಒಂದು ಗಂಟೆಗೆ ಯಾಕೆ ಹಲ್ಲುಜ್ಜುತ್ತಿದ್ದನೆಂದು ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಜಮಖಾನದ ತುದಿಯಲ್ಲಿ ಬಂದೂಕಿನ ನಳಿಗೆ ಇಣುಕುತ್ತಿತ್ತು.

"ಸಣ್ಣಪ್ಪನ್ನ ಹಿಡಿಯಾಕ ಪೊಲೀಸ್ರು ಬಂದಾರೋ!" ಎಂದು ಮಂಜಪ್ಪ ನೊರೆ ಉಗುಳಿ ಕೂಗಿದ.

ಐದು ನಿಮಿಷದಲ್ಲಿ ಮೂವತ್ತು ಜನ ಸೇರಿದರು. ಮುಂದಿನ ಸಾಲಿನಲ್ಲಿದ್ದವರು ಅರೆಸ್ಟ್ ಎಂದರು. ನಡುವಿನವರು, ಕುರಿಗಳಿಗೆ ಅಂಟುರೋಗ ಬಂದಿದೆ, ಸರ್ಕಾರ ಗುಂಡು ಹಾರಿಸಿ ಕೊಲ್ಲಿಸುತ್ತಿದೆ ಎಂದರು. ಹಿಂದಿನವರಿಗೆ ಪೊಲೀಸರು ಬಂದೂಕು ಹರಾಜು ಹಾಕುತ್ತಿದ್ದಾರೆ ಎಂದು ಕೇಳಿಸಿ, ಒಬ್ಬ ಮುದುಕ ಹಂದಿ ಕಾಟಕ್ಕೆ ತನಗೊಂದು ಬೇಕೆಂದು ನುಗ್ಗಿಕೊಂಡು ಬಂದ.

"ಏನೂ ಇಲ್ಲ, ದೂರ ಸರೀರಿ!" ಎಂದು ಧರ್ಮಪ್ಪ ಹಿಂದಕ್ಕೆ ಹೆಜ್ಜೆಯಿಟ್ಟ. ಅಲ್ಲಿ ಒಂದು ಟಗರು ನಿಂತಿತ್ತು. ತನ್ನ ಕಡೆ ಬೆನ್ನು ಮಾಡಿ ಬರುವ ಖಾಕಿಯನ್ನು ಅದು ಸವಾಲೆಂದೇ ತಿಳಿಯಿತು. ಮರುಗಳಿಗೆ ಧರ್ಮಪ್ಪ ಸಗಣಿ ಬುಟ್ಟಿಯ ಆಚೆ, ಬಂದೂಕು ಈಚೆ, ಟೋಪಿ ಟಗರಿನ ಕಾಲಡಿ.

"ಪೊಲೀಸ್ರಿಗೇ ಗುದ್ದೇತಿ, ಇನ್ನ ಕೇಸು ಖಾತ್ರಿ," ಎಂದ ಮಂಜಪ್ಪ ಮೊಬೈಲು ಎತ್ತಿ ಹಿಡಿದು.

ಗಲಾಟೆ ಕೇಳಿ ಒಳಗಿನಿಂದ ಸಣ್ಣಪ್ಪ ಬಂದ. ಅರವತ್ತು ದಾಟಿದ, ಗಟ್ಟಿಮುಟ್ಟಾದ ಆಳು. ಬಂದೂಕನ್ನು ನೆಲದಿಂದ ಎತ್ತಿಕೊಂಡು ಮೈಮೇಲಿನ ನಂಬರು ಓದಿದ.

"ಎಲ್ಲಿತ್ರಿ ಇದು?"

"ಬಸವನಬೈಲಿನ ಪೆಟ್ಟಿಗೇಲಿ. ತಾಡಪಾಲಿನ ಕೆಳಗೆ."

"ಅಲ್ಲೇ ಇಟ್ಟಿದ್ದೆ," ಎಂದ ಸಣ್ಣಪ್ಪ. "ಎಲೆಕ್ಷನ್ ಡ್ಯೂಟಿಗೆ ಬಂದಾವ ಒಂದು ರಾತ್ರಿ ಅಲ್ಲಿ ಮಲಗಿದ್ದೆ. ಜೋರು ಮಳಿ. ಸೂರು ಸೋರತಿತ್ತು, ಬಂದೂಕು ನೆನೀಬಾರ್ದು ಅಂತ ಪೆಟ್ಟಿಗಿ ತಳಕ್ಕ ಸೇರಿಸಿ ಮುಚ್ಚಿದ್ದೆ. ಬೆಳಿಗ್ಗೆ ಲಾರಿ ಹಾರ್ನ್ ಹೊಡೀತು, ಓಡಿಹೋಗಿ ಹತ್ತಿದೆ. ಪೆಟ್ಟಿಗ್ಯಾಗ ಐತಿ ಅಂತ ಎನ್‌ಕ್ವೈರಿಯೊಳಗ ಹೇಳಿದೆ. ಅವ್ರು ಹೋಗಿ ಮುಚ್ಚಳ ತೆಗೆದು ಮೂರು ಎಣಿಸಿದ್ರು. ಮೂರೇ ಇರಬೇಕಾಗಿತ್ತಲ್ಲ, ಮೂರಕ್ಕೇ ನಿಲ್ಲಿಸಿದ್ರು."

ಧರ್ಮಪ್ಪ ಸಗಣಿ ಕೊಡವಿಕೊಂಡು ಎದ್ದು, ಕರ್ಚೀಫು ಕೊಡಲೋ ಬೇಡವೋ ಎಂದು ಯೋಚಿಸಿದ. "ಒಂದು ಸಹಿ ಹಾಕಿ ಸಣ್ಣಪ್ಪನವರೇ. ನಿಮ್ಮದೇನೂ ತಪ್ಪಿಲ್ಲ ಅಂತ ಆಗುತ್ತೆ."

"ಬ್ಯಾಡ್ರಿ!" ಸಣ್ಣಪ್ಪ ಬಂದೂಕನ್ನು ಕಾದ ಹೆಂಚಿನಂತೆ ಧರ್ಮಪ್ಪನ ಕೈಗೆ ತುರುಕಿದ. "ತಪ್ಪಿಲ್ಲ ಅಂತ ಆದ್ರ ಮತ್ತ ಕರೀತಾರ. ಹೇಳಿಕೆ, ಹಿಯರಿಂಗು ಅಂತ ಓಡಾಡಿಸ್ತಾರ. ಇನ್ನೂರು ಕುರಿ ಯಾರು ಕಾಯ್ತಾರ? ಕಳೆದೇತಿ ಅಂತ್ಲೇ ಇರ್ಲಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವನ ಹೆಂಡತಿ ಮೂಕಮ್ಮ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತಳು. ಹೆಸರಿಗೂ ಅವಳಿಗೂ ಏನೇನೂ ಸಂಬಂಧವಿರಲಿಲ್ಲ. "ಮದುವಿಯಾಗಿ ನಾಕು ವರ್ಷ ಈ ಮನುಷ್ಯಾನ ಮುಖ ನಾನು ಹಗಲಿನಾಗ ನೋಡಿದ್ದಿಲ್ಲ. ಡ್ಯೂಟಿ, ಡ್ಯೂಟಿ, ಡ್ಯೂಟಿ. ಆ ಬಂದೂಕು ಹೋತು, ಗಂಡ ಮನಿಗೆ ಬಂದ. ಈಗ ಅದನ್ನ ಹುಡುಕಿ ತಂದೀರಲ್ಲ, ನಿಮಗೇನು ಹೆಂಡ್ರು ಮಕ್ಕಳು ಇಲ್ಲೇನು?"

ಆ ಮಾತಿಗೆ ಧರ್ಮಪ್ಪ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟ. ಹನ್ನೊಂದು ವರ್ಷದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಮದುವೆಯ ಆಲ್ಬಮ್ಮು, ನಾಳೆಯ ಸೀಮಂತ, ಗುತ್ಯಮ್ಮ "ನೋಡಾಣ" ಎಂದ ರೀತಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಕರ್ಚೀಫು ಅವನಿಗೇ ಬೇಕಾಯಿತು. ಮಂಜಪ್ಪ ಮೊಬೈಲು ಕೆಳಗಿಳಿಸಿದ. ಬಂದೂಕು ಕೊಳ್ಳಲು ಬಂದಿದ್ದ ಮುದುಕ ಮೂಗು ಒರೆಸಿಕೊಂಡ.

ಮೂಕಮ್ಮ ಧರ್ಮಪ್ಪನನ್ನೊಮ್ಮೆ ನೋಡಿದಳು. ನಂತರ ಗಂಡನ ಕಡೆ ತಿರುಗಿದಳು. "ಬಸುರಿ ಮಗಳ ಕಾರ್ಯ ಅಂತಾರ. ಸಹಿ ಹಾಕ್ರಿ."

"ಈಗಷ್ಟೇ ನೀನೇ ಬ್ಯಾಡ ಅಂದಿ?"

"ಹಾಕ್ರಿ ಅಂದೆ."

ಸಣ್ಣಪ್ಪ ಬರೆದ. ಬಂದೂಕು ಸಿಕ್ಕಿದೆ ಎಂದು ಒಂದು ಸಾಲು. ತನಗೆ ಕೆಲಸ ವಾಪಸ್ ಬೇಡ, ಬಾಕಿ ಸಂಬಳ ಬೇಡ, ಕ್ಷಮೆಯೂ ಬೇಡ, ದಯವಿಟ್ಟು ಯಾರೂ ಕರೆಯಬಾರದು ಎಂದು ಒಂದು ಪುಟ.

ನಾಲ್ಕು ಐವತ್ತಕ್ಕೆ ಜೀಪು ಗೋದಾಮಿನ ಮುಂದೆ ನಿಂತಿತು. ಒಳಗೆ ಡಿವೈಎಸ್‌ಪಿ ಸಾಹೇಬರು ಪರಿಶೀಲನೆಗೆ ಬಂದು ಕುಳಿತಿದ್ದರು. ಸಗಣಿಯ ವಾಸನೆ, ಟಗರು ತುಳಿದ ಟೋಪಿ, ಜಮಖಾನದ ಬಂದೂಕು ಎಲ್ಲವನ್ನೂ ಹೊತ್ತು ಧರ್ಮಪ್ಪ ಸೆಲ್ಯೂಟ್ ಹೊಡೆದ. ಸಾಹೇಬರು ಕಾಗದ ಓದಿದರು, ಮತ್ತೊಮ್ಮೆ ಓದಿದರು.

"ರಿಜಿಸ್ಟರಲ್ಲಿ ಎಷ್ಟಿತ್ತು?"

"ಮೂರು ಸಾರ್."

"ನೀವು ತಂದದ್ದು?"

"ನಾಲ್ಕು ಸಾರ್. ತಪ್ಪಾಯ್ತು ಸಾರ್."

"ಇದನ್ನ ಎಲ್ಲಾದ್ರೂ ಎಸೆದುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಲ್ವಾ?"

ಇಂಥದೊಂದು ದಾರಿಯಿತ್ತು ಎಂಬುದು ಧರ್ಮಪ್ಪನಿಗೆ ಹೊಳೆದದ್ದೇ ಆಗ. ಅಂಬ್ಲಿಗೊಳದ ತುಂಬು ನೀರಿನ ಪಕ್ಕದಲ್ಲೇ ಎರಡು ಸಲ ಹೋಗಿಬಂದಿದ್ದ. "ತಲೆಗೆ ಹೊಳೀಲಿಲ್ಲ ಸಾರ್," ಎಂದ.

ಸಾಹೇಬರು ಎದ್ದು ನಿಂತು ಅವನ ಕೈ ಕುಲುಕಿದರು. "ಬೆಳಿಗ್ಗೆಯಿಂದ ಬರೀ ಕಾರಣಗಳನ್ನೇ ಕೇಳ್ತಿದೀನಿ ಕಣ್ರೀ. ಒಬ್ಬರದ್ದು ಬೆಲ್ಟ್ ಇಲ್ಲ, ಒಬ್ಬರದ್ದು ಬೋಲ್ಟ್ ಇಲ್ಲ. ಲೆಕ್ಕಕ್ಕಿಂತ ಜಾಸ್ತಿ ತಂದವರು ನೀವೊಬ್ಬರೇ. ಆನಂದಪ್ಪ, ಬರೀರಿ."

ಐದಕ್ಕೆ ಎರಡು ನಿಮಿಷವಿದ್ದಾಗ ಪ್ರಮಾಣಪತ್ರ ಕೈಗೆ ಬಂತು. ಬಸವನಬೈಲು ಶಸ್ತ್ರಮುಕ್ತ. ಧರ್ಮಪ್ಪ ಹೊರಗೆ ಓಡಿಬಂದು ಗುತ್ಯಮ್ಮನಿಗೆ ಫೋನ್ ಮಾಡಿದ. "ಆತು ಕಣೆ! ಕೊನೇ ಬಸ್ಸೂ ಬೇಡ, ಜೀಪಲ್ಲೇ ಬರ್ತೀನಿ. ಜ್ಯೋತಿಗೆ ಹೇಳು."

ಆ ಕಡೆ ಗುತ್ಯಮ್ಮ ಮೊದಲ ಸಲ ನಕ್ಕಳು. "ಹೋಳಿಗೆ ಬಿಸಿ ಇಟ್ಟಿರ್ತೀನಿ, ಬನ್ನಿ."

ಅಷ್ಟರಲ್ಲಿ ಆನಂದಪ್ಪ ಹಿಂದಿನಿಂದ ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡ. ಆ ಮುಖದಲ್ಲಿ ಈಗ ಊಟದ ಮೊದಲ ಪಂಕ್ತಿ ಸಿಕ್ಕವನ ಕಳೆ. "ನಿಮ್ಮ ಉಪಕಾರ ಮರೆಯಂಗಿಲ್ರಿ ಧರ್ಮಪ್ಪನವರೇ. ಒಂದು ವಾರದಿಂದ ಮನಿ ನೋಡಿಲ್ಲ." ಹೇಳುತ್ತಲೇ ಧರ್ಮಪ್ಪನ ಅಂಗೈಯಲ್ಲಿ ಒಂದು ದೊಡ್ಡ ಬೀಗದ ಕೈಗೊಂಚಲನ್ನೂ ಇನ್ನೊಂದು ಕಾಗದವನ್ನೂ ಇಟ್ಟು, ಚಪ್ಪಲಿ ಕೈಯಲ್ಲೇ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಓಡಿದ.

ಧರ್ಮಪ್ಪ ಕಾಗದ ಬಿಡಿಸಿದ. ಶಾಯಿ ಇನ್ನೂ ಆರಿರಲಿಲ್ಲ. ಅಪರೂಪದ ಪ್ರಾಮಾಣಿಕತೆಯನ್ನು ಮೆಚ್ಚಿ ಸದರಿ ಹೆಡ್ ಕಾನ್‌ಸ್ಟೇಬಲ್ಲರನ್ನು ಈ ಕ್ಷಣದಿಂದ ಸಂಗ್ರಹ ಕೇಂದ್ರದ ಕಾವಲು ಅಧಿಕಾರಿಯಾಗಿ ನೇಮಿಸಲಾಗಿದೆ. ಮುಂದಿನ ಆದೇಶದವರೆಗೆ ಸ್ಥಳ ಬಿಡತಕ್ಕದ್ದಲ್ಲ.

ಸಾಹೇಬರ ಕಾರು ಹೊರಟಿತು. ಕಿಟಕಿಯಿಂದ ಅವರು ಮೆಚ್ಚುಗೆಯ ಕೈ ಬೀಸಿದರು. ಧರ್ಮಪ್ಪ ಗೋದಾಮಿನ ಒಳಗೆ ನೋಡಿದ. ಗೋಡೆಯಿಂದ ಗೋಡೆಗೆ, ಕಬ್ಬಿನ ಗದ್ದೆಯ ಹಾಗೆ ಸಾಲುಸಾಲು ಬಂದೂಕು ನಿಂತಿದ್ದವು.

ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಏನ್ರೀ, ಹೊರಟ್ರಾ?" ಎಂದಳು ಗುತ್ಯಮ್ಮ.

"ಇಲ್ಲ ಕಣೆ. ಸಾಹೇಬ್ರು ನನ್ನನ್ನ ಮೆಚ್ಚಿಕೊಂಡುಬಿಟ್ರು."

ಗುತ್ಯಮ್ಮನಿಗೆ ಇಲಾಖೆಯ ಭಾಷೆ ಚೆನ್ನಾಗಿ ಗೊತ್ತಿತ್ತು. ನೇರವಾಗಿ ಕೇಳಿದಳು:

"ಎಷ್ಟು ಬಂದೂಕಿಗೆ?"

"ಇನ್ನೂರ ಹದಿನಾಲ್ಕು," ಎಂದ ಧರ್ಮಪ್ಪ, ಕಾಗದದ ಕೊನೆಯ ಸಾಲು ನೋಡಿ.