ಮೀಟರಿನ ಮೆಮೊರಿ, ಬಾಸಿನ ಭಾನುವಾರ

ಬಿಡಬೇಕಾದ್ದನ್ನು ಬಿಡದೆ, ಬಿಡಬಾರದ್ದನ್ನು ಬಿಟ್ಟು ಫಜೀತಿಪಡುವುದು ನನ್ನ ಹಣೆಬರಹ. ಕಂಪ್ಯೂಟರಿನವರಿಗೆಂದು ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಧಾರವಾಡದಿಂದ ಅಲ್ಲಿನ ಫೊಯರ್‌ಬಾಕ್‌ಗೆ ಬಂದ ಮೊದಲ ಆರು ತಿಂಗಳಂತೂ ವಾರಕ್ಕೊಂದು ಕಥೆ.

ನಿಂತ ಮೀಟರಿನ ಓಟ

ಕಾರಿನ ಸ್ಪೀಡೋಮೀಟರಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದರಲ್ಲಿ ಮೆಮೊರಿಯನ್ನು ಕೇಳಿ ಪಡೆದು, ಕೆಲಸ ಮುಗಿದ ಮೇಲೆ ನಾವೇ ಮರಳಿಸಬೇಕು. ನಾನು ಶಿಸ್ತಿನ ಮನುಷ್ಯ, ಬೇಗನೇ ಮರಳಿಸಿಬಿಟ್ಟೆ. ಪ್ರೋಗ್ರಾಮಿನ ಇನ್ನೊಂದು ಭಾಗ ಇನ್ನೂ ಅದನ್ನೇ ಓದುತ್ತಿತ್ತು. ಅಲ್ಲಿ ಸಿಕ್ಕಿದ ಕಸವನ್ನೇ ಓದಿತು. ಮೇಜಿನ ಮೇಲೆ ಕೂತಿದ್ದ ಮೀಟರು ಗಂಟೆಗೆ ಇನ್ನೂರ ನಲವತ್ತು ಕಿಲೋಮೀಟರ್ ವೇಗ ತೋರಿಸಿತು.

ನಮ್ಮ ಜರ್ಮನ್ ಬಾಸ್ ಕನ್ನಡಕ ಏರಿಸಿ ನೋಡಿ, "ನಮ್ಮ ಆಟೋಬಾನ್ ಹೆದ್ದಾರಿಯಲ್ಲಿ ವೇಗಮಿತಿ ಇಲ್ಲ, ನಿಜ. ಮೇಜಿನ ಮೇಲೆ ಇದೆ" ಎಂದರು.

ಹಿಟ್ಟಿನ ಗೀಟು

ಮನೆಯಲ್ಲೂ ಅದೇ. ಜೊತೆಗಿದ್ದ ಉಡುಪಿಯ ಗೆಳೆಯ ಹೀಟರಿನ ಪಕ್ಕ ಇಟ್ಟಿದ್ದ ಪಾತ್ರೆ ಹುಳಿ ವಾಸನೆ ಹೊಡೆಯುತ್ತಿದೆಯೆಂದು ಚೆಲ್ಲಿ, ತೊಳೆದಿಟ್ಟೆ. ಅವನು ಚಟ್ನಿ ರುಬ್ಬಿಕೊಂಡು ಬಂದ. "ಈ ಚಳಿಯಲ್ಲಿ ಮೂರು ದಿನ ಕಾದು ಉಬ್ಬಿಸಿದ ದೋಸೆ ಹಿಟ್ಟು ಮಾರಾಯ ಅದು!"

ಅಂದಿನಿಂದ ಫ್ರಿಜ್ ಮೇಲೆ ಚೀಟಿ. ಪಾತ್ರೆ ಬಳಸುವವನು ಗೀಟು ಹಾಕಬೇಕು, ಮುಗಿದಾಗ ಅಳಿಸಬೇಕು, ಕೊನೆಯ ಗೀಟು ಅಳಿಸಿದವನು ತೊಳೆಯಬೇಕು. ಪ್ರೋಗ್ರಾಮಿಗೂ ಇದೇ ಪದ್ಧತಿ ತಂದೆ. ಮೆಮೊರಿ ಬಳಸುವ ಪ್ರತಿ ಭಾಗವೂ ಒಂದು ಗೀಟು ಹಾಕುತ್ತದೆ, ಕೊನೆಯ ಗೀಟು ಅಳಿದಾಗ ಮೆಮೊರಿ ತಾನೇ ಮರಳುತ್ತದೆ; ಶೇರ್ಡ್ ಪಾಯಿಂಟರ್ ಎಂದರೆ ಇಷ್ಟೇ. ಮೀಟರು ನೆಟ್ಟಗಾಯಿತು. ಮನೆಯಲ್ಲಿ ಮಾತ್ರ ತೊಳೆಯುವ ಭಯಕ್ಕೆ ಯಾರೂ ಗೀಟು ಅಳಿಸದೆ, ತಿಂಗಳ ಕೊನೆಗೆ ಚೀಟಿಯ ಪ್ರಕಾರ ಹದಿನಾಲ್ಕು ಪಾತ್ರೆಗಳು ಇನ್ನೂ ಬಳಕೆಯಲ್ಲಿದ್ದವು.

ಬಿಡದ ಊಟ

ಅಷ್ಟರಲ್ಲಿ ಹೊಸ ಗ್ರಹಚಾರ. ಎರಡು ಗಂಟೆ ಓಡಿದರೆ ಮೀಟರು ಮೆಮೊರಿ ನುಂಗಿ ನುಂಗಿ ನಿಂತೇಬಿಡುತ್ತಿತ್ತು. "ಬುಧವಾರ ನಿಮ್ಮ ಪ್ರೊಬೇಷನ್ ಮುಗಿಯುತ್ತದೆ. ಅಷ್ಟರಲ್ಲಿ ಸರಿಯಾಗದಿದ್ದರೆ ಕಷ್ಟ" ಎಂದರು ಬಾಸ್. ಕೆಲಸ ಹೋದರೆ ವೀಸಾವೂ ಹೋದಂತೆ. ನನಗೆ ನಿಜಕ್ಕೂ ಅಳು ಬಂತು. ಊರವರು ಸನ್ಮಾನ ಮಾಡಿ ಹೊದಿಸಿ ಕಳಿಸಿದ ಶಾಲಿನ ಮಡಿಕೆ ಕೂಡ ಇನ್ನೂ ಬಿಚ್ಚಿರಲಿಲ್ಲ.

"ಭಾನುವಾರ ಊಟಕ್ಕೆ ಕರೆ ಮಾರಾಯ. ಉಂಡ ಮನೆಗೆ ಯಾರೂ ಎರಡು ಬಗೆಯುದಿಲ್ಲ" ಎಂದ ಗೆಳೆಯ.

ಬಾಸ್ ಬಂದರು, ಹೊಟ್ಟೆ ತುಂಬ ಉಂಡರು, ಎರಡು ಗಂಟೆಗೆ ಎದ್ದರು. ಎದ್ದ ಕೂಡಲೇ ಕಳಿಸಿದರೆ ನಮ್ಮ ಕಡೆ ಅವಮಾನ ಮಾಡಿದಂತೆ. "ಅಷ್ಟ್ ಲಗೂ ಎಲ್ಲಿಗ್ರೀ ಸರ್? ಚಾ ಕುಡದು ಹೋಗೀರಂತ" ಎಂದು ನನ್ನ ಧಾರವಾಡದ ಇಂಗ್ಲಿಷಿನಲ್ಲಿ ಹೇಳಿ ಕೂರಿಸಿದೆ. ಮೂರಕ್ಕೆ ಎದ್ದರು, ಉಪ್ಪಿಟ್ಟು ತಂದೆ. ನಾಲ್ಕಕ್ಕೆ ಎದ್ದರು, ಮತ್ತೆ ಚಹಾ.

ಐದಕ್ಕೆ ಬಾಸ್ ಸೋತ ದನಿಯಲ್ಲಿ, "ಮನೆಯವರು ಬಿಡುವವರೆಗೆ ಭಾರತೀಯರ ಮನೆಯಿಂದ ಹೊರಡಬಾರದೆಂದು ಓದಿದ್ದೇನೆ. ಯಾವಾಗ ಬಿಡುತ್ತೀರಿ?" ಎಂದರು.

"ಅಯ್ಯೋ, ಬಂದವರು ಹಟ ಹಿಡಿದು ಹೊರಡೋತನಕ ನಾವು ಬಿಡಬಾರದ್ರೀ!"

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಮ್ಮ ಪ್ರೋಗ್ರಾಮಿನಲ್ಲೂ ಮೀಟರಿನ ಪರದೆಯ ಭಾಗ ವೇಗದ ಮುಳ್ಳಿನ ಭಾಗವನ್ನು ಹಿಡಿದುಕೊಂಡಿತ್ತು, ಮುಳ್ಳು ಪರದೆಯನ್ನು. ಇದು ಬಿಡದೆ ಅದು ಬಿಡದು, ಗೀಟು ಅಳಿಯದು, ಮೆಮೊರಿ ಮರಳದು. "ಒಬ್ಬರು ಸಡಿಲವಾಗಿ ಹಿಡಿಯಬೇಕು!" ಎಂದು ಬಾಸ್ ಚಹಾದ ಕಪ್ಪು ಹಿಡಿದೇ ಕೂಗಿದರು.

ಸೋಮವಾರ ಮುಳ್ಳಿನ ಹಿಡಿತವನ್ನು ಗೀಟು ಹಾಕದಂತೆ ಸಡಿಲಿಸಿ ಅರ್ಧ ಗಂಟೆಯಲ್ಲಿ ತಿದ್ದಿದೆ. ಮೀಟರು ಎರಡು ದಿನ ನಿಲ್ಲದೆ ಓಡಿತು. ಬುಧವಾರ ಕೆಲಸ ಕಾಯಂ ಆದ ಪತ್ರ ಕೈಗೆ ಬಂತು. ಕೃತಜ್ಞತೆಯಿಂದ, "ಮುಂದಿನ ಸಲ ಹೊತ್ತಿಗೆ ಸರಿಯಾಗಿ ಬಿಡುತ್ತೇವೆ ಸರ್" ಎಂದು ಮಾತು ಕೊಟ್ಟೆ.

ಬಾಸ್ ಬಾಗಿಲು ಮುಚ್ಚಿ ಬಂದು ಪಿಸುಗುಟ್ಟಿದರು: "ಬೇಡ ಬೇಡ. ಅವತ್ತು ನಾಲ್ಕಕ್ಕೆ ಅತ್ತೆಯ ಮನೆಗೆ ಕೇಕ್ ತಿನ್ನಲು ಹೋಗಬೇಕಿತ್ತು, ತಪ್ಪಿತು. ಇನ್ನು ಅವರು ಕರೆದ ಭಾನುವಾರವೆಲ್ಲ ನಿಮ್ಮಲ್ಲಿಗೇ ಬರುತ್ತೇನೆ. ಗಟ್ಟಿಯಾಗಿ ಹಿಡಿದುಕೊಳ್ಳಿ."